ಸೊನ್ನೆಯಪ್ಪನ ಚುಕ್ಕೆ

೨೦೨೪ರ ಮಾರ್ಚ್ ೧೨, ಮಂಗಳವಾರ, ಬೆಳಗ್ಗೆ ೯ ಗಂಟೆ ೧೦ ನಿಮಿಷಕ್ಕೆ ಪ್ರಯೋಗಾಲಯದ ಸಹಾಯಕ ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡ. ಎಡವಟ್ಟೆಲ್ಲ ಶುರುವಾದದ್ದು ಆ ಒಂದು ಹನಿಯಿಂದ.

ಯಾವ ಹೊಸ ಪರೀಕ್ಷೆ ಬಂದರೂ ‘ಏನೂ ಕಾಣಬಾರದ’ ಮಾದರಿಗೆ ಅವನದೇ ರಕ್ತ. ಹಾಗಾಗಿ ಎಲ್ಲರೂ ಅವನನ್ನು ಸೊನ್ನೆಯಪ್ಪ ಎನ್ನುತ್ತಿದ್ದರು. ಈ ಸಲ ಬಂದದ್ದು ಆರು ತಿಂಗಳು ಕಾದು ತರಿಸಿದ ಪ್ರತಿಕಾಯ. ಮೊಲವೊಂದರ ಮೈಯಲ್ಲಿ ತಯಾರಾದದ್ದು. ತಾಯಿಯ ಹೊಟ್ಟೆಯಲ್ಲಿ ಜೀವ ಕಾಳಿನಷ್ಟಿರುವಾಗ ಅದರ ರಕ್ತದಲ್ಲಿ ಒಂದು ಪ್ರೋಟೀನು ಹುಟ್ಟಿ, ಕೆಲವೇ ವಾರಗಳಲ್ಲಿ ಮರೆಯಾಗುತ್ತದೆ. ಸಾವಿರ ಪ್ರೋಟೀನುಗಳ ಸಂತೆಯಲ್ಲೂ ಈ ಪ್ರತಿಕಾಯ ಅದೊಂದನ್ನೇ ಹುಡುಕಿ ಹಿಡಿದು, ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ. ನೆನೆದರೇ ಸೊನ್ನೆಯಪ್ಪನಿಗೆ ಮೈ ಜುಮ್ಮೆನ್ನುತ್ತಿತ್ತು.

ಆದರೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮೊದಲೇ ಹೇಳಿಬಿಟ್ಟಿದ್ದರು: “ಹೋದ ಸಲ ಪಟ್ಟಿಯೆಲ್ಲ ಕೊಳೆ ಮಾಡಿದ್ರಿ. ಇವತ್ತೂ ದೊಡ್ಡವರ ರಕ್ತದಲ್ಲಿ ಚುಕ್ಕೆ ಬಂತೋ, ನಾಳೆಯಿಂದ ಬಾಟಲಿ ತೊಳೆಯೋ ಕೋಣೆ.”

ಹನ್ನೊಂದು ವರ್ಷ ಕೂತ ಮೇಜು. ಅವನು ಉಸಿರು ಬಿಗಿಹಿಡಿದು ಪಟ್ಟಿ ತೊಳೆದ.

ಹನ್ನೆರಡೂವರೆಗೆ ಎಡಗಡೆ, ಭ್ರೂಣದ ಮಾದರಿಯ ಜಾಗದಲ್ಲಿ, ಕಪ್ಪು ಚುಕ್ಕೆ ಮೂಡಿತು. ಬಲಗಡೆ, ಅವನ ಹನಿಯ ಜಾಗದಲ್ಲೂ ಮಸುಕಾಗಿ ಒಂದು ಚುಕ್ಕೆ ಇಣುಕಿತು, ಕರೆಯದೆ ಬಂದ ನೆಂಟನ ಹಾಗೆ.

“ಅಯ್ಯೋ, ನೀನಿನ್ನೂ ಹುಟ್ಟೇ ಇಲ್ವಲ್ಲೋ!” ಎಂದರು ಉಗ್ರಾಣದ ಅಕ್ಕ.

“ಅದಕ್ಕೇ ಬಡ್ತಿ ಬಂದಿಲ್ಲ ಅನ್ನಿ,” ಎಂದ ಗುಮಾಸ್ತ. “ಹುಟ್ಟದವರಿಗೆ ಹೇಗೆ ಕೊಡ್ತಾರೆ?”

“ನಗಬೇಡಿ, ಕೈ ಕೊಡಿ ಇಬ್ಬರೂ!” ಎಂದ ಸೊನ್ನೆಯಪ್ಪ.

ಅಕ್ಕ ಕೈ ಕೊಟ್ಟರು. ಗುಮಾಸ್ತ ಸೂಜಿ ಕಂಡದ್ದೇ ಹಿಂಡಿದ ನಿಂಬೆಹಣ್ಣಿನಂತಾದ. ಹೊಸ ಪಟ್ಟಿ, ಹೊಸ ಕೈಗವಸು, ಮತ್ತೆ ಮೊದಲಿನಿಂದ.

ನಾಲ್ಕೂವರೆಗೆ ಅಕ್ಕನ ಜಾಗ ಬಿಳಿ, ಗುಮಾಸ್ತನದೂ ಬಿಳಿ. ಸೊನ್ನೆಯಪ್ಪನದರಲ್ಲಿ ಮತ್ತದೇ ಚುಕ್ಕೆ.

ಹಾಗಾದರೆ ಕೊಳೆಯಲ್ಲ. ಸೊನ್ನೆಯಪ್ಪ ಮೇಜನ್ನು ಮರೆತು ನೋಡುತ್ತಾ ನಿಂತ. ಮೂವತ್ತೊಂಬತ್ತು ವರ್ಷಗಳ ಹಿಂದೆ, ಅಮ್ಮನಿಗೇ ಸುದ್ದಿ ಸರಿಯಾಗಿ ಗೊತ್ತಾಗುವ ಮೊದಲು ಹಚ್ಚಿದ ದೀಪ. ಎಲ್ಲರೂ ಎದ್ದುಹೋದ ಮೇಲೂ ಒಳಮನೆಯಲ್ಲಿ ಯಾರೋ ಆರಿಸದೆ ಬಿಟ್ಟಿದ್ದಾರೆ.

ಮೇಡಂ ಭೂತಗನ್ನಡಿ ಹಿಡಿದು ಎರಡೂ ಪಟ್ಟಿಗಳನ್ನು ನೋಡಿದರು.

“ಕೆಲವರಲ್ಲಿ ಇದು ಪೂರ್ತಿ ನಿಲ್ಲೋದಿಲ್ಲ ಅಂತ ಓದಿದ್ದೆ. ಕಣ್ಣಾರೆ ನೋಡಿರಲಿಲ್ಲ,” ಎಂದರು, ದನಿ ತಗ್ಗಿಸಿ. “ಪ್ರತಿಕಾಯ ಸರಿಯಾಗಿದೆ. ನಿಮ್ಮ ಕೈಕೆಲಸವೂ ಅಚ್ಚುಕಟ್ಟಾಗಿದೆ.”

“ಹಾಗಾದ್ರೆ ಮೇಜು ನಂದೇ ತಾನೇ, ಮೇಡಂ?”

“ಅದು ಹೇಗಾಗತ್ತೆ? ಇನ್ಮೇಲೆ ನಾವು ಪರೀಕ್ಷೆ ಮಾಡೋದೇ ನಿಮ್ಮನ್ನ. ತನ್ನ ರಕ್ತಕ್ಕೆ ತಾನೇ ತೀರ್ಪು ಕೊಟ್ರೆ ಯಾರು ನಂಬ್ತಾರೆ? ಅಧ್ಯಯನ ಮುಗಿಯೋವರೆಗೂ ನೀವು ಆ ಮೇಜು ಮುಟ್ಟೋ ಹಾಗಿಲ್ಲ.”

“ಅಲ್ಲೀವರೆಗೆ?”

ಮೇಡಂ ಬಾಟಲಿ ಕೋಣೆಯ ಕಡೆ ನೋಡಿದರು.

ಸೊನ್ನೆಯ ಹುದ್ದೆ ಗುಮಾಸ್ತನಿಗೆ ಹೋಯಿತು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಅಕ್ಕ ಸೊನ್ನೆಯಪ್ಪನ ಅಂಗಿಯ ತೋಳು ಮಡಚಿದರು. “ಕೈ ಚಾಚಪ್ಪಾ, ನೀನೀಗ ದೊಡ್ಡ ಮನುಷ್ಯ.”

ಮೊದಲ ದಿನ ತೆಗೆದ ರಕ್ತ: ಹತ್ತು ಮಿಲಿಲೀಟರ್.