ಇದ್ದಲಿ ಬಸ್ಸಿನ ಕಡೀ ಬಾಟ್ಲಿ ಪೆಟ್ರೋಲು

ನಿಜಾಮರ ಕಾಲದ ಕಡೀ ದಿನದಾಗ ನಾನು ಯಾದಗಿರಿ, ಶಹಾಪುರ, ಸುರಪುರ ದಾರಿ ಮ್ಯಾಲ ಕಂಡಕ್ಟರಕಿ ಮಾಡತಿದ್ದೆ. ದೊಡ್ಡ ಲಡಾಯಿ ನಡದಿತ್ತು, ಪೆಟ್ರೋಲು ಸಿಗತಿದ್ದಿಲ್ಲ. ಬಸ್ಸಿನ ಬೆನ್ನಿಗೆ ಒಂದು ಒಲಿ ಕಟ್ಟಿ, ಇದ್ದಲಿ ಉರಿಸಿ, ಅದರ ಗ್ಯಾಸಿನ ಮ್ಯಾಲ ಓಡಸ್ತಿದ್ವಿ. ಒಲಿ ಹೊತ್ತು ತಿರಗೋ ಬಸ್ಸಿನಾಗ ತಮಾಷಾ ಆಗಲಾರದ ದಿನಾನೇ ಇದ್ದಿಲ್ಲ.

ಮಳಿಗೆ ತುಂಬದ ಬಾವಿ

ಹುಣಸಗಿ ಕಡೆಯ ಒಬ್ಬ ಮುದುಕ ಡ್ರೈವರಗ ಕೇಳಿದ, "ಪೆಟ್ರೋಲು ಎಲ್ಲಿ ಬೆಳೀತಾರ್ರಿ ಉಸ್ತಾದ್?"

"ಬೆಳೆಯಾಂಗಿಲ್ರಿ ಯಜಮಾನ್ರ. ಭೂಮಿಯೊಳಗಿಂದ ತೆಗೀತಾರ, ಬಾವಿ ತೋಡಿ."

"ಹಂಗಾರ ಮಳಿ ಆದ ಮ್ಯಾಲ ಸಿಗತದ ಬಿಡ್ರಿ."

"ಎಷ್ಟು ಮಳಿ ಆದ್ರೂ ಅದು ತುಂಬಂಗಿಲ್ಲ. ತೆಗದದ್ದು ತೆಗದಂಗ, ಮುಗೀತು."

"ಆ ಬಾವಿಗೆ ಜಲ ನೋಡಿದವನೇ ಖೊಟ್ಟಿ ಇರಬೇಕ್ರಿ" ಅಂದ ಮುದುಕ.

ಬದನಿಕಾಯಿ

ಒಮ್ಮೆ ದಿಬ್ಬದ ಮ್ಯಾಲ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ಹಿಂದ ಹೋಗಿ ನೋಡಿದ್ರ, ಒಲಿಯ ಬೂದಿ ಬಾಗಿಲು ಅರ್ಧ ತೆರದದ, ಒಳಗ ಬದನಿಕಾಯಿ ಸುಡಾಕತ್ತಾವ. "ಯಾರವ್ರಿ ಇವು?" ಅಂತ ಒದರಿದ. ಸಿಟ್ಟಿಲೆ ಒಂದನ್ನ ಎತ್ತಿ ಒಗಿಯಾಕ ಹೋದ.

"ಒಗೀಬ್ಯಾಡೋ ಅಣ್ಣಾ!" ಅಂತ ಒಳಗಿಂದ ಒಬ್ಬಾಕಿ ಕೂಗಿದಳು. "ತಿರುವಿ ಹಾಕು, ಆ ಮಗ್ಗಲ ಬೆಂದಿಲ್ಲ."

ಮೊಣಕಾಲಿನ ಮದ್ದು

ತಣ್ಣಗಾದ ಇಂಜಿನ್ ಎಬ್ಬಿಸಾಕ ಮಾತ್ರ ತುಸು ಪೆಟ್ರೋಲು ಬೇಕೇ ಬೇಕು. ಅದನ್ನ ಡ್ರೈವರ್ ಒಂದು ಬಾಟ್ಲಿಗೆ ಹಾಕಿ, ಅರಿವ್ಯಾಗ ಸುತ್ತಿ, ತನ್ನ ಸೀಟಿನ ಬುಡಕ ಇಡತಿದ್ದ.

ಒಂದು ದಿನ ಶಹಾಪುರದಾಗ ಮದಿವಿ ದಿಬ್ಬಣ ಹತ್ತಿತು. ಮದಿಮಗನ ಮಾರಿ ಬಾಡಿತ್ತು. ಹುಡುಗಿಯ ಸೋದರಮಾವ "ಈಕಿ ನನ್ನ ಮಗಗ ಸೇರಬೇಕಾದಾಕಿ" ಅಂತ ಹಟ ಹಿಡಿದಿದ್ದ. ಅಕ್ಕಿಕಾಳು ಹಾಕೋ ಮುಹೂರ್ತದ ಹೊತ್ತಿಗೆ ಮದಿಮಗ ಬರಲಿಲ್ಲಂದ್ರ ತನ್ನ ಮಗನ್ನೇ ಕುಂಡ್ರಸಾಕ, ಸುರಪುರದಾಗ ಅವಗ ಬಾಸಿಂಗ ಕಟ್ಟಿ ನಿಲ್ಲಿಸ್ಯಾನಂತ ಸುದ್ದಿ.

ಸುರಪುರ ಇನ್ನೊಂದು ಹರದಾರಿ ಇರೋವಾಗ ಬಸ್ಸು ನಿಂತಿತು. ಇದ್ದಲಿ ಹಾಕಿದ್ವಿ, ಊದಿದ್ವಿ. ಡ್ರೈವರ್ ಬಾಟ್ಲಿ ತೆಗದ. ಖಾಲಿ!

"ಯಾ ಅಲ್ಲಾ! ಯಾರ್ರಿ ಮುಟ್ಟಿದ್ರಿ ಇದನ್ನ?"

ಅವನ ಬೆನ್ನಹಿಂದ ಕುಂತಿದ್ದ ಮದಿಮಗನ ಸೋದರತ್ತಿ ಅಂದಳು, "ನಾನೋ ತಮ್ಮಾ. ಮೊಣಕಾಲು ಹಿಡದಿದ್ವು. ಮೂಸಿ ನೋಡಿದೆ, ಘಾಟು ಛಲೋ ಇತ್ತು, ತಿಕ್ಕೊಂಡೆ. ಭಾಳ ಹಗುರ ಆತು ನೋಡು."

"ಅತ್ತೀ, ನನ್ನ ಮದಿವಿ ಒಯ್ದು ನಿನ್ನ ಮೊಣಕಾಲಿಗೆ ಹಚ್ಚಿದೆಲ್ಲ!" ಅಂದ ಮದಿಮಗ. ಅಳೋದೊಂದೇ ಬಾಕಿ.

ಬಾಸಿಂಗ ಕಟ್ಟಿದವ ದಾರ್ಯಾಗ ನೆಲಕ್ಕ ಕಾಲಿಡಬಾರದಂತ ಹಿರ್ಯಾರು ಮದಿಮಗನ್ನ ಬಸ್ಸಿನಿಂದ ಇಳಿಯಾಕ ಬಿಡಲಿಲ್ಲ. ಅತ್ತಿ ಮಾತ್ರ ಸೀರಿ ಎತ್ತಿ ಕಟ್ಟಿ, "ಅದ್ಹೆಂಗ ಅಕ್ಕಿಕಾಳು ಹಾಕತಾರ ನೋಡೇಬಿಡತೀನಿ" ಅಂತ ಬಿರಬಿರ ನಡದೇ ಬಿಟ್ಟಳು. ನಾವು ಹೊಲದಾಗಿನ ಎತ್ತು ಬೇಡಿ ತಂದು ಬಸ್ಸಿಗೆ ಹೂಡಿದ್ವಿ.

ಸುರಪುರ ಮುಟ್ಟೋದ್ರಾಗ ಹೊತ್ತು ಮೀರಿತ್ತು. ಹಂದರದಾಗ ಹೋಗಿ ನೋಡಿದ್ರ, ಮದಿಮಗ ಕುಂಡ್ರೋ ಮಣಿ ಮ್ಯಾಲ ಅತ್ತಿ ಕಾಲು ಚಾಚಿ ಕುಂತಾಳ! ಬಾಸಿಂಗ ಕಟ್ಟಿಕೊಂಡ ಸೋದರಮಾವನ ಮಗ ಕಂಬಕ್ಕ ಒರಗಿ ನಿಂತಾನ.

"ಏಳು ಅಂದ್ರ 'ಮೊಣಕಾಲು ಹಿಡದಾವ, ಏಳಾಕ ಬರವಲ್ದು' ಅಂತಾಳ್ರಿ" ಅಂತ ಸೋದರಮಾವ ಮಂದಿ ಮುಂದ ದೂರಿಕೊಳ್ಳಾಕತ್ತಿದ್ದ.

ನಮ್ಮ ಮದಿಮಗನ್ನ ಕಂಡದ್ದೇ ಅತ್ತಿ ಟಣ್ಣನ ಎದ್ದು ಜಾಗಾ ಬಿಟ್ಟಳು. ಮುಂದಿನ ಘಳಿಗಿಗೆ ಅಕ್ಕಿಕಾಳು ಬಿದ್ವು.

ಊಟ ಆದ ಮ್ಯಾಲ ಅತ್ತಿ ಗ್ವಾಡಿ ಹಿಡಕೊಂತ ಡ್ರೈವರನ ಹತ್ತಿರ ಬಂದಳು. "ತಮ್ಮಾ, ಇನ್ನೊಂದು ಬಾಟ್ಲಿ ಅದ ಏನೋ? ಈಗ ಖರೇನೇ ಹಿಡದಾವ."