ಏಳು ನಿಮಿಷದ ಸಿನಿಮಾಗೆ ನಾನು ಮಾಡಿದ ಭಾಷಣ

ಹೊಸ ಕಿರುಚಿತ್ರಗಳನ್ನೂ ಅವನ್ನು ಮಾಡುವವರನ್ನೂ ಪತ್ತೆಹಚ್ಚಿ ನಾಡಿಗೆ ಪರಿಚಯಿಸುವುದು ನನ್ನ ಪರಮ ಕರ್ತವ್ಯವೆಂದು ನಾನು ಬಲವಾಗಿ ನಂಬಿದ್ದ ಕಾಲ ಅದು. ಎರಡು ಸಾವಿರದ ಆಚೀಚಿನ ವರ್ಷಗಳು. ಜೀವನ್ ಬಿಮಾ ನಗರದಲ್ಲಿ ‘ಕಿರುಚಿತ್ರ ಬಳಗ’ ಕಟ್ಟಿದೆ. ಅಧ್ಯಕ್ಷ ನಾನು. ಕಾರ್ಯದರ್ಶಿ ನನ್ನ ಹೆಂಡತಿ ಸರೋಜ. ಅವಳನ್ನು ಯಾರೂ ಕೇಳಿರಲಿಲ್ಲ!

ಹಾಗೆ ಪತ್ತೆಯಾದವಳು ರೇಣುಕಾ. ರಾಯಚೂರು ಕಡೆಯವಳು. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಪಕ್ಕದ ಕೋಣೆಯ ಮುದುಕಿ ರೊಟ್ಟಿ ಬಡಿಯುವುದನ್ನು ಬಾಡಿಗೆ ಕ್ಯಾಮೆರಾದಲ್ಲಿ ಹಿಡಿದು ಏಳು ನಿಮಿಷದ ಚಿತ್ರ ಮಾಡಿದ್ದಳು. ಒಂದೂ ಮಾತಿಲ್ಲ. ನೋಡಿ ನನ್ನ ಕಣ್ಣು ಒದ್ದೆಯಾಯಿತು. ಇದೊಂದು ಮಾತ್ರ ಉತ್ಪ್ರೇಕ್ಷೆಯಲ್ಲ.

“ಭಾನುವಾರ ನಮ್ಮಪ್ಪ ಬರ್ಲಿಕತ್ತಾನ್ರಿ ಸರ್,” ಎಂದಳು. “ಊರಾಗ ನಂಗ ಗಂಡು ನೋಡ್ಯಾನ. ನನ್ ಸಿನಿಮಾ ನೋಡಿ ಆಮ್ಯಾಲ ಹೇಳಪ್ಪ ಅಂದೀನಿ. ಚಲೋ ಅನ್ಸಿದ್ರ ಇನ್ನೆರಡು ವರ್ಷ ಇಲ್ಲೇ ಇರು ಅಂದಾನ. ಒಂದ್ಸಲ ತೋರಿಸ್ರಿ, ಸಾಕು.”

“ತೋರ್ಸೋದೇನಮ್ಮ, ಮೆರೆಸ್ಬಿಡ್ತೀನಿ!” ಎಂದೆ.

ಆ ಭಾನುವಾರ ಬಡಾವಣೆಯ ಸಂಘದ ಸಭಾಂಗಣ ಹತ್ತರಿಂದ ಹನ್ನೆರಡೂವರೆವರೆಗೆ ನಮ್ಮದು. ಆಮೇಲೆ ಯಾರದೋ ಮಗುವಿನ ನಾಮಕರಣ. ಅಪ್ಪನಿಗೆ ಎರಡಕ್ಕೆ ರೈಲು. ಏಳು ನಿಮಿಷಕ್ಕೆ ಎರಡೂವರೆ ಗಂಟೆ ಧಾರಾಳವಾಯಿತು ಎಂದುಕೊಂಡೆ.

ಪ್ರಾರ್ಥನೆ ಆಯಿತು. ಫ್ಯಾನಿನ ಗಾಳಿಗೆ ದೀಪ ಆರಿ ಆರಿ ಮೂರು ಸಲ ಉದ್ಘಾಟನೆಯಾಯಿತು. ಹಲಸೂರಿನಿಂದ ಬಂದಿದ್ದ ಮುಖ್ಯ ಅತಿಥಿ, ನಿವೃತ್ತ ಮೇಷ್ಟ್ರು, ಚಿತ್ರವೊಂದನ್ನು ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದರು. ನನಗೆ ಸಿಟ್ಟು ಬಂತು. ಚಿತ್ರದ ಬಗ್ಗೆ ಹೇಗೆ ಮಾತನಾಡಬೇಕೆಂದು ತೋರಿಸಿಯೇ ಬಿಡೋಣವೆಂದು ಮೈಕು ಹಿಡಿದೆ.

ಮೊದಲ ಸಾಲಿನಲ್ಲಿ ರೇಣುಕಾಳ ಅಪ್ಪ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹಿಂದಿನ ಬಿಳಿ ಪರದೆಯನ್ನೇ ನೋಡುತ್ತ ಕೂತಿದ್ದರು.

“ಮಹನೀಯರೇ, ಇಲ್ಲಿ ರೊಟ್ಟಿಯು ಕೇವಲ ರೊಟ್ಟಿಯಲ್ಲ, ಅಸ್ತಿತ್ವದ ದುಂಡು ಪ್ರಶ್ನೆ!” ಎಂದೆ. ಸರೋಜಳಿಂದ ಒಂದು ಚೀಟಿ ಬಂತು. ಮೆಚ್ಚುಗೆ ಇರಬೇಕೆಂದು ಓದದೆ ಜೇಬಿಗಿಳಿಸಿದೆ. ಇನ್ನೊಂದು ಬಂತು. ಹುರುಪು ಹೆಚ್ಚಿತು! ಮೂರನೆಯದು ಬಂದಾಗ ಹಿಟ್ಟಿನ ತಾತ್ವಿಕತೆಗೆ ಕೈ ಹಾಕಿದೆ.

“ಈಗ ಚಿತ್ರ ಪ್ರದರ್ಶನ,” ಎಂದು ಘೋಷಿಸಿದಾಗ ಬಾಗಿಲಲ್ಲಿ ತೊಟ್ಟಿಲು ಬಂತು! ಹಿಂದೆಯೇ ಅಡುಗೆಯವರು.

“ಏಳೇ ನಿಮಿಷ ಕೊಡಿ,” ಎಂದು ಬೇಡಿದೆ.

“ಮುಹೂರ್ತ ಮೀರೋಗ್ತಿದೆ ಸಾರ್, ಎದ್ದೇಳಿ!” ಎಂದು ಮಗುವಿನ ಸೋದರಮಾವ ಪ್ರೊಜೆಕ್ಟರಿನ ವೈರು ಕಿತ್ತೇಬಿಟ್ಟ.

“ರೈಲಿನ ಹೊತ್ತಾತ್ರಿ,” ಎಂದು ಅಪ್ಪ ಕೈ ಮುಗಿದರು. ರೇಣುಕಾ ಅವರ ಚೀಲ ಎತ್ತಿಕೊಂಡಳು. ನನ್ನತ್ತ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಬಂದು ಚೀಟಿಗಳನ್ನು ಬಿಚ್ಚಿದೆ. ಮೂರರಲ್ಲೂ ಒಂದೇ ಮಾತು: “ರೀ, ಸಿನಿಮಾ ಹಾಕಿ.” ಮೂರನೆಯದರಲ್ಲಿ ‘ರೀ’ ಇರಲಿಲ್ಲ.

ತಿಂಗಳ ಮೇಲೆ ರೇಣುಕಾ ಮನೆಗೆ ಬಂದಳು. ಕೆಲಸ ಬಿಟ್ಟಿದ್ದಳು. ಕೈಯಲ್ಲಿ ಅವಳದೇ ಲಗ್ನಪತ್ರಿಕೆ. ಸರೋಜ ಅವಳಿಗೆ ಕುಂಕುಮ ಕೊಟ್ಟು ಒಳಗೆ ಹೋಗಿ ಅತ್ತಳು.

“ಅಪ್ಪನಿಗೆ ಊರಲ್ಲಾದ್ರೂ ಸಿನಿಮಾ ತೋರಿಸ್ಬಹುದಿತ್ತಲ್ಲಮ್ಮ?” ಎಂದೆ.

“ಕ್ಯಾಮೆರಾ ವಾಪಸ್ ಕೊಟ್ಟೆನ್ರಿ. ಆ ಕ್ಯಾಸೆಟ್ ಓಡಿಸೋ ಮಿಷಿನ್ ನಮ್ಮೂರಾಗ ಎಲ್ಲೈತ್ರಿ? ಅಲ್ದ, ಅಪ್ಪ ರೈಲು ಹತ್ತೋಮುಂದನ ಹೇಳಿಬಿಟ್ಟನ್ರಿ ಸರ್. ‘ಅಷ್ಟು ಓದಿದೋರು ಅಷ್ಟೊತ್ತು ಬಿಡಿಸಿ ಹೇಳಿದ್ರೂ ನಂಗ ಒಂದಕ್ಷರ ತಿಳೀಲಿಲ್ಲ. ಅದು ನಮ್ಮಂಥೋರ ಕೆಲಸ ಅಲ್ಲವ್ವ, ಬಂದುಬಿಡು’ ಅಂದ.”

ಮುದುಕಿ ರೊಟ್ಟಿ ಬಡಿಯುವುದರಲ್ಲಿ ತಿಳಿಯದಿರುವಂಥದ್ದು ಏನಿತ್ತು? ನಾನು ವಿವರಿಸುವವರೆಗೆ ಏನೂ ಇರಲಿಲ್ಲ!