ಪೊರಕೆಕಡ್ಡಿ ಹಿಡಿದು ದಿಲ್ಲಿ ದರ್ಶನ

ನವೆಂಬರಿನ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ, ರೋಹಿಣಿಯ ಮೆಟ್ರೋ ನಿಲ್ದಾಣ. ಹಾಜರಿದ್ದವರು: ನಾನು, ನನ್ನ ತಂಗಿಯ ಗಂಡ, ಮತ್ತು ಅವರ ಜೇಬಿನಲ್ಲಿ ಎರಡು ಪೊರಕೆಕಡ್ಡಿ.

ದಿಲ್ಲಿಗೆ ಬಂದೂ ದಿಲ್ಲಿಯನ್ನು ನೋಡದೆ ಹೋದ ಪ್ರವಾಸಿ ಯಾರಾದರೂ ಇದ್ದರೆ ಅದು ನನ್ನ ಈ ಭಾವ! ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ವೇಳಾಪಟ್ಟಿ ಬರೆದುಕೊಂಡೇ ಹೊರಟಿದ್ದೆ: ಒಂಬತ್ತೂವರೆಗೆ ಕೆಂಪುಕೋಟೆ, ಹನ್ನೆರಡಕ್ಕೆ ಹುಮಾಯೂನನ ಸಮಾಧಿ, ಮೂರಕ್ಕೆ ಕುತುಬ್ ಮಿನಾರ್, ಐದಕ್ಕೆ ಜನಪಥದಲ್ಲಿ ಖರೀದಿ. ತಂಗಿ ಮಾತ್ರ, "ನಿನ್ನ ವೇಗಕ್ಕೆ ನನ್ನ ಕೈಲಾಗಲ್ಲ ಅಣ್ಣಾ" ಎಂದು ರೋಹಿಣಿಯ ನಮ್ಮ ಮನೆಯಲ್ಲೇ ಉಳಿದಳು.

ಅವಳಿಗೆ ಗುಟ್ಟಾಗಿ ಕಸೂತಿಯ ಚರ್ಮದ ಜುತ್ತಿ ಕೊಳ್ಳುವುದು ಭಾವನ ಹಟ. ಅವಳು ಮಲಗಿದ್ದಾಗ ಪಾದದ ಅಳತೆಗೆ ಕಡ್ಡಿ ಮುರಿದು ತಂದಿದ್ದರು. ಸರಿ, ಊರ ಕಡೆಯ ಪದ್ಧತಿ. ಎರಡೇಕೆ? ಒಂದು ಮುರಿದರೆ ಇನ್ನೊಂದಿರಲಿ ಎಂದಿರಬೇಕು! ಆ ಶಿಸ್ತನ್ನು ಮನಸ್ಸಿನಲ್ಲೇ ಮೆಚ್ಚಿದೆ.

ಮೆಟ್ರೋ ಕಾವಲುಗಾರ ಜೇಬು ತಡವಿ, "ಯೇ ಕ್ಯಾ ಹೈ ಅಂಕಲ್?" ಎಂದ.

"ಮೇರಾ ಬೀವಿ ಹೈ!" ಎಂದರು ಭಾವ, ಎದೆಯುಬ್ಬಿಸಿ. ಹೆಂಡತಿಯ ಅಳತೆ ಎನ್ನಹೋಗಿ, ಇದು ನನ್ನ ಹೆಂಡತಿ ಎಂದುಬಿಟ್ಟಿದ್ದರು!

ಆತ ಕಡ್ಡಿಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿ, ಪಾಪ, ಬಹಳ ಸೊರಗಿದ್ದಾರೆ ಎಂದು ಹಿಂದಿಯಲ್ಲಿ ಮರುಗಿ ಒಳಗೆ ಬಿಟ್ಟ.

ಕೆಂಪುಕೋಟೆಯಲ್ಲಿ ಭಾವ ನೋಡಿದ್ದು ಬರೀ ಹೆಂಗಸರ ಪಾದರಕ್ಷೆ. ಒಬ್ಬ ಪಂಜಾಬಿ ಅಜ್ಜಿಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕಡ್ಡಿ ಹಿಡಿದೇಬಿಟ್ಟರು! ಆಕೆ ನಮಸ್ಕಾರವೆಂದು ತಿಳಿದು ತಲೆ ಮುಟ್ಟಿ ಹರಸಿದರು. ನಾನು ಬೇರೆ ಯಾರೋ ಎಂಬಂತೆ ಕೋಟೆಯ ಗೋಡೆ ನೋಡುತ್ತ ನಿಂತೆ.

ಚಾಂದನಿ ಚೌಕದಲ್ಲಿ ಅಂಗಡಿ ಮೇಲೆ ಅಂಗಡಿ. ಎಲ್ಲೆಡೆ ಎರಡೂ ಕಡ್ಡಿ ಇಟ್ಟು, ತಲೆಯಾಡಿಸಿ ಎದ್ದು ಬರುವುದು! ಹುಮಾಯೂನ್ ಕೈತಪ್ಪಿದ. ಕುತುಬ್ ಆವರಣದಲ್ಲೂ ಅವರ ದೃಷ್ಟಿ ನೆಲದ ಮೇಲೆಯೇ.

"ಭಾವ, ಒಮ್ಮೆ ಮೇಲೆ ನೋಡಿ!"

"ನೋಡಿದೆ ಮಾಸ್ತರೇ. ಇನ್ನೂ ನಿಂತಿದೆ."

ಜನಪಥದಲ್ಲಿ ನನ್ನ ತಾಳ್ಮೆ ಮುಗಿಯಿತು. "ಕಡ್ಡಿಯ ಅಳತೆಯ ಜೋಡಿ ಕೈಯಲ್ಲೇ ಇದೆ. ತಗೊಳ್ಳಿ, ಚಲೋ!"

"ಇನ್ನೊಂದು ಅಳತೇಲೂ ಇದೇ ಬಣ್ಣ ಬೇಕು."

"ಯಾಕ್ರೀ? ಅವಳಿಗೇನು ನಾಲ್ಕು ಕಾಲೇ?"

ಭಾವ ಕಡ್ಡಿಗಳನ್ನು ಜೋಡಿಸಿ ಹಿಡಿದರು. ಒಂದು ಅರ್ಧ ಬೆರಳಷ್ಟು ಗಿಡ್ಡ.

"ಹುಟ್ಟಿದಾಗಿನಿಂದ ಅವಳ ಬಲಪಾದ ಚಿಕ್ಕದು ಮಾಸ್ತರೇ. ಅಂಗಡೀಲಿ ಕಾಲು ಚಾಚೋಕೆ ನಾಚಿಕೆ. ದೊಡ್ಡ ಕಾಲಿನ ಅಳತೆಗೆ ಕೊಂಡು, ಬಲಗಡೆ ಬಟ್ಟೆ ತುರುಕಿ ನಡೀತಾಳೆ. ಜುತ್ತಿಗೆ ಎಡ ಬಲ ಅಂತ ಇಲ್ಲ ನೋಡಿ. ಎರಡು ಅಳತೆಯ ಎರಡು ಜೋಡಿ ಕೊಂಡು ಬೆರೆಸಿದ್ರೆ, ಎರಡು ಜೋಡೀನೂ ಅವಳಿಗೇ."

ಶಾಲೆಯ ದಾರಿಯಲ್ಲಿ ದಿನಾ ಹಿಂದೆ ಬೀಳುತ್ತಿದ್ದ ತಂಗಿಯನ್ನು "ಲೆಫ್ಟ್, ರೈಟ್! ಕಾಲೆಳೀಬೇಡ!" ಎಂದು ಗದರುತ್ತಿದ್ದವನು ನಾನೇ. ಒಮ್ಮೆಯೂ ಅವಳ ಕಾಲು ನೋಡಿರಲಿಲ್ಲ.

ಅದೇ ಬಣ್ಣದ ಚಿಕ್ಕ ಜೋಡಿ ಸಿಗುವವರೆಗೆ ಇನ್ನೂ ಆರು ಅಂಗಡಿ ಹತ್ತಿದೆವು. ಕಡ್ಡಿ ಇಟ್ಟು ಅಳೆದವನು ಈ ಸಲ ನಾನು.

ಸಂಜೆ ಏಳೂವರೆ. ತಂಗಿ ಜುತ್ತಿ ಮೆಟ್ಟಿ ನಡುಮನೆಯಿಂದ ಬಾಲ್ಕನಿವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ಹೋದಳು. ಸ್ವಲ್ಪ ಬೇಗವೇ! ಕಡ್ಡಿಗಳನ್ನು ಕಸದ ಬುಟ್ಟಿಗೆ ಹಾಕಹೊರಟ ಭಾವನ ಕೈಯಿಂದ ಅವನ್ನು ಇಸಕೊಂಡು, ನನ್ನ ವೇಳಾಪಟ್ಟಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.